ಎರಡು ಉತ್ತರಗಳ ಲೆಕ್ಕ: ಜೋಡಿ ದತ್ತಾಂಶದ ಸಂಖ್ಯಾಶಾಸ್ತ್ರ ನಡೆದು ಬಂದ ದಾರಿ

ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆ ಕೂರಿಸಿ ಒಂದೇ ಪ್ರಶ್ನೆ ಕೇಳುತ್ತಾರೆ. ಎರಡು ಉತ್ತರ ತಾಳೆಯಾಗದಿದ್ದರೆ ಆ ಮನೆಯ ಮುಂದೆ ‘ದೋಷ’ ಎಂದು ಗುರುತು ಹಾಕಿ ಲೆಕ್ಕದಿಂದಲೇ ತೆಗೆದುಬಿಡುತ್ತಾರೆ. ಈ ಪದ್ಧತಿ ನಮ್ಮ ಸಂಶೋಧನೆಗಳಲ್ಲಿ ಆಳವಾಗಿ ಬೇರುಬಿಟ್ಟಿದೆ. ಕೆಲವರು ಮನೆಯನ್ನು ತೆಗೆಯುವುದಿಲ್ಲ, ಯಜಮಾನನ ಉತ್ತರ ಇಟ್ಟುಕೊಂಡು ಹೆಂಡತಿಯದನ್ನು ಬಿಡುತ್ತಾರೆ. ಇನ್ನು ಕೆಲವರು ಎರಡನ್ನೂ ಕೂಡಿಸಿ ಅರ್ಧ ಮಾಡುತ್ತಾರೆ. ಈಚಿನ ವರ್ಷಗಳಲ್ಲಿ ಇದರ ಜೊತೆಗೆ ಇನ್ನೊಂದು ಚಾಳಿ ಸೇರಿಕೊಂಡಿದೆ. ನೂರಿನ್ನೂರು ದಂಪತಿಗಳ ಉತ್ತರಗಳನ್ನು ಸಾಫ್ಟ್‌ವೇರ್‌ಗೆ ಹಾಕಿ, ಅದು ಬಿಡಿಸಿಕೊಟ್ಟ ಬಾಣಗಳ ಚಿತ್ರ ಮುಂದಿಟ್ಟು, ‘ಗಂಡನ ಪ್ರಭಾವ ಹೆಂಡತಿಯ ಮೇಲೆ ಸಾಬೀತಾಗಿದೆ’ ಎಂದು ಬರೆಯುವುದು. ಮೊದಲನೆಯದು ಜೋಡಿಯನ್ನು ಕಡೆಗಣಿಸುತ್ತದೆ, ಎರಡನೆಯದು ಜೋಡಿಯ ಬಾಯಲ್ಲಿ ಅದು ಹೇಳದ ಮಾತನ್ನು ಹೇಳಿಸುತ್ತದೆ.

ಬಳ್ಳಾರಿಯಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತ, ಸಿರುಗುಪ್ಪ ಮತ್ತು ಕುರುಗೋಡು ಕಡೆಯ ಹಳ್ಳಿಗಳಲ್ಲಿ ಸಮೀಕ್ಷಕರಿಗೆ ತರಬೇತಿ ಕೊಡುತ್ತ ಬಂದವನಾಗಿ ಈ ಎರಡನ್ನೂ ಹತ್ತಿರದಿಂದ ನೋಡಿದ್ದೇನೆ. ಇಬ್ಬರು ಮನುಷ್ಯರಿಂದ ಬಂದ ದತ್ತಾಂಶವನ್ನು ಹೇಗೆ ಓದಬೇಕೆಂಬುದಕ್ಕೆ ಒಂದು ಶತಮಾನಕ್ಕೂ ಮೀರಿದ ಚಿಂತನೆಯಿದೆ, ಅದರಲ್ಲಿ ಕರ್ನಾಟಕದ ಪಾಲೂ ಇದೆ. ಆ ದಾರಿಯನ್ನು ಒಮ್ಮೆ ಹಿಂತಿರುಗಿ ನೋಡುವುದು ಈ ಲೇಖನದ ಕೆಲಸ.

ಆರಂಭದ ಹೆಜ್ಜೆಗಳು

1886ರಲ್ಲಿ ಫ್ರಾನ್ಸಿಸ್ ಗಾಲ್ಟನ್ 205 ದಂಪತಿಗಳ 928 ಬೆಳೆದ ಮಕ್ಕಳ ಎತ್ತರವನ್ನು ತಂದೆತಾಯಿಯ ಎತ್ತರದೊಂದಿಗೆ ಹೋಲಿಸಿದ. ಅದಕ್ಕಾಗಿ ಹೆಂಗಸರ ಎತ್ತರವನ್ನು 1.08ರಿಂದ ಗುಣಿಸಿ ಗಂಡಸರ ಅಳತೆಗೆ ತಂದ, ಆಮೇಲೆ ತಾಯಿ ಮತ್ತು ತಂದೆಯ ಎತ್ತರಗಳ ಸರಾಸರಿ ತೆಗೆದು ಇಬ್ಬರ ಬದಲಿಗೆ ಒಬ್ಬ ಕಲ್ಪಿತ ‘ನಡು ಪಾಲಕ’ನನ್ನು ನಿಲ್ಲಿಸಿದ. ರಿಗ್ರೆಶನ್ ಎಂಬ ಮಹತ್ವದ ಕಲ್ಪನೆ ಗಟ್ಟಿಯಾದದ್ದು ಈ ಲೆಕ್ಕದಿಂದ. ಆದರೆ ಇಬ್ಬರನ್ನು ಕರಗಿಸಿ ಒಬ್ಬರನ್ನಾಗಿ ಮಾಡುವ ಅಭ್ಯಾಸಕ್ಕೂ ಇಲ್ಲಿಯೇ ಬೀಜ ಬಿತ್ತು.

1903ರಲ್ಲಿ ಕಾರ್ಲ್ ಪಿಯರ್ಸನ್ ಮತ್ತು ಆಲಿಸ್ ಲೀ ತಂದೆ–ಮಗನ ಎತ್ತರದ ಸಹಸಂಬಂಧ ಸುಮಾರು 0.5, ಗಂಡ–ಹೆಂಡತಿಯದು ಸುಮಾರು 0.28 ಎಂದು ತೋರಿಸಿದರು. ರಕ್ತಸಂಬಂಧವಿಲ್ಲದ ದಂಪತಿಗಳಲ್ಲೂ ಹೋಲಿಕೆ ಕಂಡಿತು, ಏಕೆಂದರೆ ಜನ ಗೊತ್ತುಗುರಿಯಿಲ್ಲದೆ ಜೋಡಿಯಾಗುವುದಿಲ್ಲ. ತಂದೆ–ಮಗ ಎಂಬಲ್ಲಿ ಯಾರು ಯಾರೆಂದು ಗೊತ್ತು. ಅಣ್ಣತಮ್ಮಂದಿರಲ್ಲಿ, ಅವಳಿಗಳಲ್ಲಿ ಯಾರನ್ನು ಮೊದಲ ಕಾಲಂಗೆ ಹಾಕಬೇಕು? ಪಿಯರ್ಸನ್ ಪ್ರತಿ ಜೋಡಿಯನ್ನೂ ತಿರುಗಿಸಿ ಎರಡು ಸಲ ಬರೆದ. 1925ರ ಪುಸ್ತಕದಲ್ಲಿ ರೊನಾಲ್ಡ್ ಫಿಶರ್ ಆ ಸುತ್ತುದಾರಿಯನ್ನು ಬಿಟ್ಟು, ಒಟ್ಟು ಏರಿಳಿತವನ್ನು ‘ಜೋಡಿಗಳ ನಡುವಿನದು’ ಮತ್ತು ‘ಜೋಡಿಯ ಒಳಗಿನದು’ ಎಂದು ಎರಡು ಪಾಲು ಮಾಡಿದ. ಮುಂದಿನ ಎಲ್ಲ ಕೆಲಸವೂ ನಿಂತಿರುವುದು ಈ ವಿಭಾಗದ ಮೇಲೆ.

ಇದರ ಪ್ರಾಯೋಗಿಕ ಅರ್ಥ ಸರಳ. ನೂರು ದಂಪತಿಗಳನ್ನು ಕೇಳಿ ‘ಇನ್ನೂರು ಜನ’ ಎಂದು ಬರೆಯುತ್ತೇವೆ. ಇಬ್ಬರ ಉತ್ತರಗಳ ನಡುವೆ 0.5ರಷ್ಟು ಸಹಸಂಬಂಧವಿದ್ದರೆ, ಸರಾಸರಿ ಅಂದಾಜಿಸುವುದಕ್ಕೆ ಆ ಇನ್ನೂರು ಜನ ಸುಮಾರು 133 ಸ್ವತಂತ್ರ ವ್ಯಕ್ತಿಗಳಿಗೆ ಮಾತ್ರ ಸಮ. ನಮ್ಮ ಖಾತ್ರಿ ಇರಬೇಕಾದುದಕ್ಕಿಂತ ಹೆಚ್ಚಾಗಿಬಿಡುತ್ತದೆ. ಆದರೆ ಗಂಡಂದಿರ ಸರಾಸರಿಗೂ ಹೆಂಡತಿಯರ ಸರಾಸರಿಗೂ ಇರುವ ಅಂತರ ಹುಡುಕುವಾಗ ಇದೇ ಸಹಸಂಬಂಧ ನೆರವಿಗೆ ಬರುತ್ತದೆ, ಅಂತರದ ಏರಿಳಿತ ಅರ್ಧಕ್ಕೆ ಇಳಿಯುತ್ತದೆ. ಜೋಡಿಯನ್ನು ಮರೆತರೆ ಒಂದು ಕಡೆ ಇಲ್ಲದ್ದು ಇದೆ ಎನಿಸುತ್ತದೆ, ಇನ್ನೊಂದು ಕಡೆ ಇದ್ದದ್ದು ಕಾಣದೆ ಹೋಗುತ್ತದೆ.

ನಮ್ಮ ನೆಲದ ಸಂಖ್ಯಾಶಾಸ್ತ್ರ

ಪ್ರಶಾಂತಚಂದ್ರ ಮಹಲನೋಬಿಸ್ 1931ರಲ್ಲಿ ಕಲ್ಕತ್ತೆಯಲ್ಲಿ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1941ರಲ್ಲಿ ಸೇರಿದ ತರುಣ ಸಿ. ಆರ್. ರಾವ್. ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು, ಹಡಗಲಿಯಲ್ಲಿ. ಆಗ ಅದು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯ ಊರು, ಈಗ ವಿಜಯನಗರ ಜಿಲ್ಲೆಗೆ ಸೇರಿದೆ. 1945ರಲ್ಲಿ ಅವರು ಬರೆದ ಕ್ರಾಮರ್–ರಾವ್ ಅಸಮಾನತೆಯನ್ನು ಜಗತ್ತಿನ ಪ್ರತಿಯೊಬ್ಬ ಸಂಖ್ಯಾಶಾಸ್ತ್ರ ವಿದ್ಯಾರ್ಥಿಯೂ ಓದುತ್ತಾನೆ. 2023ರ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಬಹುಮಾನ ಅವರಿಗೆ ಬಂದಾಗ ಪತ್ರಿಕೆಗಳು ಬರೆದದ್ದೂ ಅದನ್ನೇ. ನಮ್ಮ ಕ್ಷೇತ್ರಕ್ಕೆ ಅವರು ಕೊಟ್ಟ ದೊಡ್ಡ ಕೊಡುಗೆ ಬೇರೆ. 1970ರ ಆಸುಪಾಸಿನಲ್ಲಿ ಅವರು ರೂಪಿಸಿದ ‘ಮಿಂಕ್’ ವಿಧಾನವು ಏರಿಳಿತದ ಪಾಲುಗಳನ್ನು ಅಂದಾಜಿಸುವ ಸಾಮಾನ್ಯ ಸಿದ್ಧಾಂತ. ಎಷ್ಟು ಭಾಗ ಮನೆಗೆ ಸೇರಿದ್ದು, ಎಷ್ಟು ವ್ಯಕ್ತಿಗೆ ಸೇರಿದ್ದು ಎಂದು ಬೇರ್ಪಡಿಸಲು ಅದು ದಾರಿ ಮಾಡಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1971ರಲ್ಲಿ, ಪ್ಯಾಟರ್‌ಸನ್ ಮತ್ತು ಥಾಂಪ್ಸನ್ ಇನ್ನೊಂದು ದಿಕ್ಕಿನಿಂದ ಇಂದು ಹೆಚ್ಚಿನ ಸಾಫ್ಟ್‌ವೇರ್‌ಗಳು ಬಳಸುವ ಅಂದಾಜಿನ ವಿಧಾನಕ್ಕೆ ಬಂದರು. ನನ್ನ ಪೀಳಿಗೆಯವರು ಜೋಡಿಯನ್ನು ಅರ್ಥ ಮಾಡಿಕೊಂಡದ್ದು ಈ ಬಾಗಿಲಿನಿಂದ. ಇಂದಿಗೂ ಇದೇ ಹೆಚ್ಚು ಪ್ರಾಮಾಣಿಕ ಬಾಗಿಲು ಎಂದು ನನ್ನ ನಂಬಿಕೆ.

ಸಿದ್ಧಾಂತ ಇಷ್ಟು ಎತ್ತರಕ್ಕೆ ಹೋದರೂ ನಮ್ಮ ಸಮೀಕ್ಷೆಗಳು ಮನೆ ಬಾಗಿಲಲ್ಲೇ ನಿಂತವು. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಕುಟುಂಬವನ್ನೇ ಘಟಕವಾಗಿ ಹಿಡಿಯಿತು, ಮನೆಯ ಖರ್ಚನ್ನು ಒಬ್ಬರ ಬಾಯಿಂದ ಕೇಳಿ ಇಡೀ ಮನೆಯ ಲೆಕ್ಕವೆಂದು ಬರೆದುಕೊಂಡಿತು. ಬಡತನ ಅಳೆಯುವ ತುರ್ತಿನಲ್ಲಿ ಆ ಆಯ್ಕೆ ಸಹಜವೇ. ಆದರೆ ಅದು ಅಭ್ಯಾಸವಾಗಿ ಗಟ್ಟಿಯಾಯಿತು.

ಇದಕ್ಕೆ ಹೊರತಾದ ಒಂದು ದೊಡ್ಡ ಪ್ರಯತ್ನ ಕರ್ನಾಟಕದಲ್ಲೇ ನಡೆಯಿತು. 1951–52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನ ಕುಟುಂಬದ ಗಾತ್ರದ ಬಗ್ಗೆ ಗಂಡಸರನ್ನೂ ಕೇಳಿತು, ಹೆಂಗಸರನ್ನೂ ಕೇಳಿತು. ಅದರ ವರದಿ 1961ರಲ್ಲಿ ಹೊರಬಂತು. ಬಳ್ಳಾರಿ, ಸಿರುಗುಪ್ಪ ಆಗ ಅದರ ವ್ಯಾಪ್ತಿಯಲ್ಲಿ ಇರಲಿಲ್ಲ. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅದೇ ದಶಕದ ಆರಂಭದಲ್ಲಿ ರಾಮನಗರದಲ್ಲಿ ಸುರಕ್ಷಿತ ದಿನಗಳ ಲೆಕ್ಕದ ಕುಟುಂಬ ಯೋಜನೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಪ್ರಯೋಗಿಸಿದರು. ಗಂಡ ಮತ್ತು ಹೆಂಡತಿ ಇಬ್ಬರೂ ಒಪ್ಪದೆ ಒಂದು ದಿನವೂ ನಡೆಯದ ವಿಧಾನ ಅದು. ಜೋಡಿಯ ಒಪ್ಪಂದವನ್ನೇ ಅಳೆಯುವ ಒಳ್ಳೆಯ ಅವಕಾಶವಿತ್ತು, ಆದರೆ ಅಂದು ಅದಕ್ಕೆ ಬೇಕಾದ ಅಂಕಿಅಂಶದ ಭಾಷೆ ಸಿದ್ಧವಾಗಿರಲಿಲ್ಲ.

ಒಪ್ಪಿಗೆ ಎಂಬುದನ್ನು ಅಳೆಯುವುದು

1960ರಲ್ಲಿ ಜೇಕಬ್ ಕೋಹೆನ್ ‘ಕಪ್ಪ’ ಎಂಬ ಸೂಚಿಯನ್ನು ಕೊಟ್ಟ. ಮೂಲದಲ್ಲಿ ಅದು ಇಬ್ಬರು ಪರೀಕ್ಷಕರ ತೀರ್ಪು ಎಷ್ಟು ಹೊಂದುತ್ತದೆ ಎಂದು ನೋಡುವ ಸಾಧನ. ಜನಸಂಖ್ಯಾ ತಜ್ಞರು ಅದನ್ನು ದಂಪತಿಗಳಿಗೆ ತಂದರು. ಅದರ ಅಗತ್ಯ ಎಷ್ಟೆಂದು ಒಂದು ಕಲ್ಪಿತ ಲೆಕ್ಕದಿಂದ ತೋರಿಸುತ್ತೇನೆ.

ನೂರು ದಂಪತಿಗಳನ್ನು ‘ದನ ಮಾರುವ ತೀರ್ಮಾನ ಯಾರದು?’ ಎಂದು ಕೇಳಿದ್ದೇವೆ ಎಂದುಕೊಳ್ಳಿ. ಗಂಡಂದಿರಲ್ಲಿ 60 ಮಂದಿ ‘ಇಬ್ಬರೂ ಸೇರಿ’ ಎಂದರು. ಹೆಂಡತಿಯರಲ್ಲೂ 60 ಮಂದಿ ಹಾಗೆಯೇ ಅಂದರು. ವರದಿಯಲ್ಲಿ ಅಚ್ಚಾಗುವುದು ಈ ಎರಡು 60ಗಳು, ಓದಿದವರು ‘ನೋಡಿ, ಒಮ್ಮತವಿದೆ’ ಎನ್ನುತ್ತಾರೆ. ಆದರೆ ಇಬ್ಬರೂ ‘ಸೇರಿ’ ಎಂದ ಮನೆಗಳು 60 ಇರಬಹುದು, 20 ಮಾತ್ರವೂ ಇರಬಹುದು. ಎರಡಕ್ಕೂ ಅಂಚಿನ ಮೊತ್ತ ಒಂದೇ. ಇಬ್ಬರೂ ‘ಸೇರಿ’ ಎಂದವರು 36, ಇಬ್ಬರೂ ‘ಅಲ್ಲ’ ಎಂದವರು 16 ಎಂದಾದರೆ ಹೊಂದಿಕೆ 52 ಮನೆಗಳಲ್ಲಿ. ಅರ್ಧಕ್ಕಿಂತ ಹೆಚ್ಚೆಂದು ಸಮಾಧಾನಪಡಬಹುದು. ಆದರೆ ಒಬ್ಬರ ಉತ್ತರಕ್ಕೂ ಇನ್ನೊಬ್ಬರದಕ್ಕೂ ಯಾವ ಸಂಬಂಧವೂ ಇಲ್ಲದಿದ್ದರೂ ಬರಿಯ ಆಕಸ್ಮಿಕದಿಂದಲೇ 52 ಬರುತ್ತಿತ್ತು. ಕಪ್ಪದ ಬೆಲೆ ಸೊನ್ನೆ. ಒಂದೇ ಸೂರಿನಡಿ ಬಾಳುವ ಇಬ್ಬರು ಒಂದೇ ಸಂಗತಿಯ ಬಗ್ಗೆ ಅಪರಿಚಿತರಂತೆ ಉತ್ತರಿಸಿದ್ದಾರೆ ಎಂದು ಅದರ ಅರ್ಥ. ಜೋಡಿಯನ್ನು ಜೋಡಿಯಾಗಿ ಉಳಿಸಿಕೊಳ್ಳದಿದ್ದರೆ ಈ ಸತ್ಯ ಎಂದೂ ಹೊರಬರುವುದಿಲ್ಲ.

1996ರಲ್ಲಿ ಸ್ಟ್ಯಾನ್ ಬೆಕರ್ ದಂಪತಿ ಅಧ್ಯಯನಗಳ ದೊಡ್ಡ ಸಮೀಕ್ಷೆ ಬರೆದು, ಸಂತಾನ ಆರೋಗ್ಯವನ್ನು ಹೆಂಗಸರ ಉತ್ತರದಿಂದ ಮಾತ್ರ ತಿಳಿಯಹೊರಡುವುದರ ಮಿತಿಯನ್ನು ಎತ್ತಿ ತೋರಿಸಿದ. ನಮ್ಮ ದೇಶದಲ್ಲಿ ಶಿರೀನ್ ಜೀಜೀಭಾಯ್ 2002ರಲ್ಲಿ ಉತ್ತರ ಪ್ರದೇಶ ಮತ್ತು ತಮಿಳುನಾಡಿನ ಹಳ್ಳಿಗಳ ದಂಪತಿಗಳ ಉತ್ತರಗಳನ್ನು ಎದುರುಬದುರು ಇಟ್ಟು, ಹೆಣ್ಣಿನ ಸ್ವಾತಂತ್ರ್ಯದ ಬಗ್ಗೆ ಗಂಡ ಹೇಳುವುದೂ ಹೆಂಡತಿ ಹೇಳುವುದೂ ಎಷ್ಟು ಬೇರೆಯಾಗಬಲ್ಲವೆಂದು ತೋರಿಸಿದರು. ಇವರ ಪ್ರಬಂಧಗಳನ್ನು ನಮ್ಮ ವಿದ್ಯಾರ್ಥಿಗಳು ಓದಬೇಕಿತ್ತು. ಅವರು ಓದುತ್ತಿರುವುದು ಸಾಫ್ಟ್‌ವೇರ್ ಕೈಪಿಡಿಗಳನ್ನು.

ಮನೋವಿಜ್ಞಾನಿಗಳು ಕೊಟ್ಟ ಮಾದರಿ

ಅಮೆರಿಕದ ಮನೋವಿಜ್ಞಾನಿ ಡೇವಿಡ್ ಕೆನ್ನಿ ಇಲ್ಲದೆ ಈ ಇತಿಹಾಸವಿಲ್ಲ. 1979ರಲ್ಲಿ ವಾರ್ನರ್, ಸ್ಟೋಟೊ ಅವರೊಂದಿಗೆ, 1984ರಲ್ಲಿ ಲಾವೊಯಿ ಅವರೊಂದಿಗೆ ಬರೆದ ಪ್ರಬಂಧಗಳಲ್ಲಿ ಕೆನ್ನಿ, ಗುಂಪಿನಲ್ಲಿ ಪ್ರತಿಯೊಬ್ಬರೂ ಪ್ರತಿಯೊಬ್ಬರ ಬಗ್ಗೆ ಹೇಳಿದ ಮಾತನ್ನು ಮೂರು ಪಾಲು ಮಾಡಿದ. ಹೇಳುವವರ ಸ್ವಭಾವ, ಹೇಳಿಸಿಕೊಳ್ಳುವವರ ಸ್ವಭಾವ, ಆ ಇಬ್ಬರ ನಡುವೆ ಮಾತ್ರ ಇರುವ ವಿಶೇಷ ಸಂಬಂಧ. ಫಿಶರನ ವಿಭಾಗವೇ ಇಲ್ಲಿ ಹೊಸ ಜೀವ ಪಡೆಯಿತು.

1996ರಲ್ಲಿ ಕೆನ್ನಿ ಇನ್ನೊಂದು ಮಾದರಿಯನ್ನು ಖಚಿತಗೊಳಿಸಿದ. ಡೆಬೊರಾ ಕ್ಯಾಶಿ ಮತ್ತು ವಿಲಿಯಂ ಕುಕ್ ಜೊತೆ 2006ರಲ್ಲಿ ಬರೆದ ಪುಸ್ತಕದಿಂದ ಅದು ಜಗತ್ತಿಗೆಲ್ಲ ಹರಡಿತು. ಅದನ್ನು ನಮ್ಮ ಕಡೆಯ ಉದಾಹರಣೆಯಲ್ಲೇ ಹೇಳುತ್ತೇನೆ. ಸಿರುಗುಪ್ಪದ ಭತ್ತದ ರೈತನಿಗೆ ಸಾಲದ ಚಿಂತೆ. ಅದು ಅವನ ನಿದ್ದೆಯನ್ನು ಎಷ್ಟು ಕೆಡಿಸುತ್ತದೆ ಎಂಬುದು ಸ್ವಂತ ಪರಿಣಾಮ, ಅವನ ಹೆಂಡತಿಯ ನಿದ್ದೆಯನ್ನು ಎಷ್ಟು ಕೆಡಿಸುತ್ತದೆ ಎಂಬುದು ಜೊತೆಗಾರ ಪರಿಣಾಮ. ಹೆಂಡತಿಯ ಚಿಂತೆಗೂ ಹೀಗೆಯೇ ಎರಡು ಬಾಣ. ಒಟ್ಟು ನಾಲ್ಕನ್ನೂ ಒಂದೇ ಸಲ ಅಂದಾಜಿಸಬೇಕು, ಮಿಕ್ಕುಳಿದ ಏರಿಳಿತಗಳೂ ಒಂದಕ್ಕೊಂದು ಹೆಣೆದುಕೊಂಡಿರಲು ಬಿಡಬೇಕು. ಮಾದರಿಯಾಗಿ ಇದು ಬಹಳ ಅಚ್ಚುಕಟ್ಟು. ಗಂಡ–ಹೆಂಡತಿ, ರೋಗಿ–ಆರೈಕೆದಾರ, ತಾಯಿ–ಮಗಳು ಯಾರಿಗಾದರೂ ಒಪ್ಪುತ್ತದೆ.

ಆದರೆ ಜೊತೆಗಾರ ಪರಿಣಾಮವೆಂಬುದು ಒಂದು ಗುಣಾಂಕದ ಹೆಸರು. ಅದನ್ನು ‘ಪ್ರಭಾವ’ ಎಂದು ಓದಬೇಕಾದರೆ ಬೇರೆ ಆಧಾರ ಬೇಕು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಕಾಲುವೆಯ ಬದಿಯ ಹಳ್ಳಿಗಳಲ್ಲಿ ಗಂಡನೂ ಹೆಂಡತಿಯೂ ಒಂದೇ ರಾತ್ರಿ ನಿದ್ದೆಗೆಟ್ಟರು. ಅವನ ಚಿಂತೆ ಇವಳಿಗೆ ಅಂಟಿದ್ದಲ್ಲ, ಇಬ್ಬರಿಗೂ ನೀರಿನದೇ ಚಿಂತೆ. ಆ ವಾರ ಒಮ್ಮೆ ಮಾತ್ರ ಸಮೀಕ್ಷೆ ಮಾಡಿ ಬಾಣದ ಚಿತ್ರ ಬಿಡಿಸಿದ್ದರೆ ಜೊತೆಗಾರ ಪರಿಣಾಮ ಎದ್ದುಕಾಣುತ್ತಿತ್ತು, ಮತ್ತು ಆ ಓದು ಪೂರ್ತಿ ತಪ್ಪಾಗಿರುತ್ತಿತ್ತು. ಇಬ್ಬರಿಗೂ ಒಂದೇ ಕಾರಣವಿರುವ ಇಂಥ ಸಂದರ್ಭಕ್ಕೆಂದೇ ‘ಸಮಾನ ವಿಧಿ’ಯ ಮಾದರಿಯಿದೆ. 2012ರಲ್ಲಿ ಲೆಡರ್‌ಮನ್ ಮತ್ತು ಕೆನ್ನಿಯೇ ಅದನ್ನು ಮತ್ತೆ ಮುಂದೆ ತಂದರು. ಮಳೆ, ಕಾಲುವೆ, ಸಾಲಗಳ ನಡುವೆ ಬದುಕುವ ಜಿಲ್ಲೆಯಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಆ ಮಾದರಿಯನ್ನು. ನಾನು ನೋಡಿದ ಪ್ರಬಂಧಗಳಲ್ಲಿ ಅದರ ಹೆಸರು ಅಪರೂಪ.

ಏರಿಳಿತವನ್ನು ಪಾಲು ಮಾಡುವ ಪಂಥ

ನನ್ನ ಒಲವು ಇರುವುದು ಇನ್ನೊಂದು ಪಂಥದ ಕಡೆ. ರಾವ್ ಅವರ ಏರಿಳಿತದ ಪಾಲುಗಳಿಂದ ಹೊರಟು ಬಹುಹಂತದ ಮಾದರಿಗಳಿಗೆ ಬಂದ ಪಂಥ ಅದು. 1995ರಲ್ಲಿ ರಾಡೆನ್‌ಬುಷ್, ಬ್ರೆನ್ನನ್ ಮತ್ತು ಬಾರ್ನೆಟ್ ದಂಪತಿಗಳ ಬದಲಾವಣೆಯನ್ನು ವರ್ಷಗಳುದ್ದಕ್ಕೂ ಅಳೆಯುವ ಮಾದರಿ ಕೊಟ್ಟರು. ವ್ಯಕ್ತಿ ಮೊದಲ ಹಂತ, ದಂಪತಿ ಎರಡನೆಯದು. ಅದರ ಮೇಲೆ ಕೇರಿ, ಹಳ್ಳಿ, ಕಾಲುವೆಯ ಮೇಲ್ದಂಡೆ–ಕೆಳದಂಡೆ ಎಂದು ಹಂತಗಳನ್ನು ಏರಿಸುತ್ತ ಹೋಗಬಹುದು. ಈ ಮಾದರಿ ಬಾಣ ಬಿಡಿಸುವ ಆತುರ ತೋರಿಸುವುದಿಲ್ಲ. ‘ಈ ಭಿನ್ನತೆಯಲ್ಲಿ ಮನೆಯದು ಎಷ್ಟು, ಮನುಷ್ಯನದು ಎಷ್ಟು, ಊರಿನದು ಎಷ್ಟು?’ ಎಂದು ಮೊದಲು ಕೇಳುತ್ತದೆ. ಉತ್ತರದ ಹೆಚ್ಚಿನ ಪಾಲು ಊರಿನದಾದರೆ ದಂಪತಿಗಳಿಗೆ ಆಪ್ತಸಲಹೆ ಕೊಡುವುದರಿಂದ ಹೆಚ್ಚೇನೂ ಆಗದಿರಬಹುದು, ಊರಿನ ನೀರಿನ ಕಡೆ ಮೊದಲು ನೋಡಬೇಕಾದೀತು. ಆಡಳಿತಕ್ಕೆ ಬೇಕಾದ ತಿಳಿವಳಿಕೆ ಇದು.

ಈ ಪಂಥದ ಮನೋಧರ್ಮಕ್ಕೆ ಕರ್ನಾಟಕ ಕೊಟ್ಟ ಉತ್ತಮ ಉದಾಹರಣೆ 2010–11ರ ಕರ್ನಾಟಕ ಕೌಟುಂಬಿಕ ಆಸ್ತಿ ಸಮೀಕ್ಷೆ. ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯಲ್ಲಿ ಹೇಮಾ ಸ್ವಾಮಿನಾಥನ್ ಮತ್ತು ಸಂಗಡಿಗರು ನಡೆಸಿದ ಇದು ಎಕ್ವಡಾರ್ ಮತ್ತು ಘಾನಾ ದೇಶಗಳ ಸಮೀಕ್ಷೆಗಳ ಜೊತೆಗೂಡಿದ ಯೋಜನೆ. ಮನೆಯ ಆಸ್ತಿ ಎಷ್ಟೆಂದು ಯಜಮಾನನನ್ನು ಮಾತ್ರ ಕೇಳಿ ಬರುವ ಬದಲು, ಯಾವ ಆಸ್ತಿ ಯಾರದೆಂದು ವ್ಯಕ್ತಿವ್ಯಕ್ತಿಗೆ ಹಚ್ಚಿ ಬರೆದುಕೊಂಡರು. ಫಲಿತಾಂಶ ಕಣ್ಣು ತೆರೆಸುವಂಥದು. ದಂಪತಿಯ ಒಟ್ಟು ಸಂಪತ್ತಿನಲ್ಲಿ ಹೆಂಡತಿಯ ಪಾಲು ಎಕ್ವಡಾರ್‌ನಲ್ಲಿ ಶೇ. 44, ಘಾನಾದಲ್ಲಿ ಶೇ. 19, ಕರ್ನಾಟಕದಲ್ಲಿ ಶೇ. 9. ಮನೆಯನ್ನೇ ಘಟಕವಾಗಿ ಹಿಡಿದ ಯಾವ ಸಮೀಕ್ಷೆಯಿಂದಲೂ ಈ ಒಂಬತ್ತು ಹೊರಬರುತ್ತಿರಲಿಲ್ಲ.

ಇಂಥ ದತ್ತಾಂಶ ಕೈಗೆ ಬರುವುದು ಎಷ್ಟು ಕಷ್ಟವೆಂದು ಹೊರಗಿನವರಿಗೆ ತಿಳಿಯದು. ನಾಟಿಯ ದಿನಗಳಲ್ಲಿ ಸಿರುಗುಪ್ಪ ಕಡೆಯ ಹೆಣ್ಣುಮಕ್ಕಳು ಬೆಳಗಿನ ಜಾವಕ್ಕೇ ಗದ್ದೆಗೆ ಹೋಗುತ್ತಾರೆ. ಸಮೀಕ್ಷಕರು ಹೋದಾಗ ಕಟ್ಟೆಯ ಮೇಲೆ ಸಿಗುವವನು ಗಂಡ. ಸಂಜೆ ಹೋದರೆ ಹೆಂಡತಿ ಒಲೆಯ ಮುಂದೆ, ಅತ್ತೆ ಬಾಗಿಲಲ್ಲಿ. ಕೇಳಿದ್ದು ಸೊಸೆಯನ್ನು, ಉತ್ತರ ಬರುವುದು ಅತ್ತೆಯಿಂದ. ಆದ್ದರಿಂದ ಇಬ್ಬರು ಸಮೀಕ್ಷಕರು ಒಟ್ಟಿಗೇ ಹೋಗಬೇಕು. ಒಬ್ಬರು ಕಟ್ಟೆಯಲ್ಲಿ ಗಂಡನೊಂದಿಗೆ, ಇನ್ನೊಬ್ಬರು ಹಿತ್ತಲಲ್ಲಿ ಹೆಂಡತಿಯೊಂದಿಗೆ ಅದೇ ಹೊತ್ತಿಗೆ ಕೂರಬೇಕು. ಒಬ್ಬರ ಉತ್ತರ ಇನ್ನೊಬ್ಬರ ಕಿವಿಗೆ ಬೀಳಬಾರದು.

ಕುರುಗೋಡು ಬಳಿಯ ಒಂದು ಹಳ್ಳಿಯಲ್ಲಿ ಹೀಗೆ ಕೂತಾಗ, ಎಮ್ಮೆ ಮಾರಿದ್ದು ಯಾರ ತೀರ್ಮಾನ ಎಂದು ಕೇಳಿದೆವು. ಗಂಡ ಅಂದ: ‘ಇಬ್ರೂ ಮಾತಾಡ್ಕೊಂಡೇ ಮಾರಿದ್ವಿ ರೀ.’ ಹೆಂಡತಿ ಅಂದಳು: ‘ಹೂಂ ರೀ, ಇಬ್ರೂ ಸೇರೇ. ಸಂತಿಯಿಂದ ಬಂದು ಹೇಳಿದ್ರು, ನಾ ಹೂಂ ಅಂದೆ.’ ಇಬ್ಬರ ಷೆಡ್ಯೂಲಿನಲ್ಲೂ ಒಂದೇ ಕೋಡ್ ಬಿತ್ತು, ಕಪ್ಪದ ಲೆಕ್ಕದಲ್ಲಿ ಇದು ಪೂರ್ಣ ಒಪ್ಪಿಗೆ. ಮಾರಿದ ಮೇಲೆ ತಿಳಿಸಿದ್ದನ್ನೂ ಮಾರುವ ಮೊದಲು ಕೇಳಿದ್ದನ್ನೂ ಬೇರ್ಪಡಿಸುವ ಪ್ರಶ್ನೆ ಅಂದಿನ ಷೆಡ್ಯೂಲಿನಲ್ಲಿ ಇರಲಿಲ್ಲ. ‘ಯಾರು ಮೊದಲು ಮಾತೆತ್ತಿದರು?’ ‘ಬೇಡ ಎಂದಿದ್ದರೆ ನಿಲ್ಲುತ್ತಿತ್ತೇ?’ ಎಂಬ ಎರಡು ಪ್ರಶ್ನೆ ಸೇರಿಸಿದರೆ ಒಪ್ಪಿಗೆಯ ಒಳಗೆ ಏನಿದೆ ಎಂದು ಕಾಣತೊಡಗುತ್ತದೆ. ಮಾದರಿ ಎಷ್ಟು ಸೂಕ್ಷ್ಮವಾಗಿದ್ದರೂ ಅದರ ಬುಡ ಇರುವುದು ಈ ಹಿತ್ತಲಲ್ಲಿ.

ಬಳ್ಳಾರಿ ಕೈಬಿಟ್ಟ ಎರಡು ಅವಕಾಶಗಳು

ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತವರು ನಮ್ಮ ಜಿಲ್ಲೆ. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯವರು ಇಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ರೋಗಕ್ಕೆ ಊರಿನ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿದರು. ಮೋಹನ್ ಐಸಾಕ್, ಸಿ. ಆರ್. ಚಂದ್ರಶೇಖರ್, ಆರ್. ಶ್ರೀನಿವಾಸಮೂರ್ತಿ ಮೊದಲಾದವರು ಬರೆದ ‘ಬಳ್ಳಾರಿ ಮಾದರಿ’ಯ ಆಧಾರದ ಮೇಲೆಯೇ 1996ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಹೊರಟಿತು. ಇದಕ್ಕೂ ಮೊದಲು, 1981ರಲ್ಲೇ, ಶೈಲಾ ಪೈ ಮತ್ತು ಆರ್. ಎಲ್. ಕಪೂರ್ ರೋಗಿಯ ಕುಟುಂಬದ ಮೇಲಿನ ಹೊರೆಯನ್ನು ಅಳೆಯುವ ಪ್ರಶ್ನಾವಳಿ ಸಿದ್ಧಪಡಿಸಿದ್ದರು, ಅದನ್ನು ಇಂದಿಗೂ ಬಳಸುತ್ತಾರೆ. ಅಂದರೆ ರೋಗಿ ಮತ್ತು ಆರೈಕೆ ಮಾಡುವವರನ್ನು ಜೋಡಿಯಾಗಿ ಓದುವುದಕ್ಕೆ ಸಾಧನವೂ ಇತ್ತು, ಜಿಲ್ಲೆಯೂ ಇತ್ತು. ಆದರೆ ಕಾರ್ಯಕ್ರಮ ಎಣಿಸಿದ್ದು ರೋಗಿಗಳನ್ನು. ಮಾತ್ರೆ ಎತ್ತಿ ಕೊಟ್ಟ ತಾಯಿ, ಬಸ್ಸಿನಲ್ಲಿ ಕರೆತಂದ ತಮ್ಮ ಲೆಕ್ಕದ ಹೊರಗೆ ಉಳಿದರು.

ಎರಡನೆಯದು ಎಚ್‌ಐವಿ. ಎಚ್‌ಐವಿ ತಡೆಯುವ ‘ಆವಾಹನ್’ ಯೋಜನೆಯಡಿ 2006ರಿಂದ 2008ರ ನಡುವೆ ಬೆಳಗಾವಿ, ಬಳ್ಳಾರಿ, ಮೈಸೂರು ಜಿಲ್ಲೆಗಳಲ್ಲಿ ಸಾಮಾನ್ಯ ಜನರ ನಡುವೆ ಸಮೀಕ್ಷೆ ನಡೆದು ರಕ್ತಪರೀಕ್ಷೆಯೂ ಆಯಿತು. ಜಿಲ್ಲೆಯಿಂದ ಜಿಲ್ಲೆಗೆ ಸೋಂಕಿನ ಚಿತ್ರ ಹೇಗೆ ಬದಲಾಗುತ್ತದೆ ಎಂದು ತಿಳಿಸಿಕೊಟ್ಟ ಬೆಲೆಬಾಳುವ ಕೆಲಸ ಅದು. ಆದರೂ ಪ್ರಕಟವಾದ ವಿಶ್ಲೇಷಣೆ ವ್ಯಕ್ತಿಗಳನ್ನು ಆಧರಿಸಿದ್ದು: ಯಾವ ವಯಸ್ಸು, ಯಾವ ಕೆಲಸ, ಯಾವ ಊರಿನವರಿಗೆ ಅಪಾಯ ಹೆಚ್ಚು ಎಂಬುದು. ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ರೋಗಕ್ಕೆ ಸಹಜ ಘಟಕ ಜೋಡಿ. ಮುಂದೆ ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ‘ಸಂವೇದನಾ ಪ್ಲಸ್’ ಪ್ರಯೋಗ ಲೈಂಗಿಕ ವೃತ್ತಿಯ ಮಹಿಳೆಯರ ಜೊತೆಗೆ ಅವರ ಸಂಗಾತಿಗಳನ್ನೂ ಒಳಗೆ ತಂದುಕೊಂಡದ್ದು ಸರಿಯಾದ ದಿಕ್ಕಿನ ಹೆಜ್ಜೆ.

ಹಳ್ಳಿಯನ್ನೇ ಜೋಡಿಗಳ ಬಲೆಯಾಗಿ ನೋಡಿದ ಕೆಲಸವೂ ಕರ್ನಾಟಕದಲ್ಲಿ ಆಗಿದೆ. ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೊ, ಮ್ಯಾಥ್ಯೂ ಜ್ಯಾಕ್ಸನ್ 75 ಹಳ್ಳಿಗಳಲ್ಲಿ ಯಾರು ಯಾರಿಗೆ ಅಕ್ಕಿ, ಸೀಮೆಎಣ್ಣೆ ಕಡ ಕೊಡುತ್ತಾರೆ, ಯಾರ ಸಲಹೆ ಕೇಳುತ್ತಾರೆ ಎಂದು ಪಟ್ಟಿ ಮಾಡಿ, ಸಣ್ಣ ಸಾಲದ ಸುದ್ದಿ ಹರಡಿದ ಬಗೆಯನ್ನು 2013ರಲ್ಲಿ ಪ್ರಕಟಿಸಿದರು. ಅಪೂರ್ವ ದತ್ತಾಂಶ. ಆದರೆ ಅಲ್ಲಿಯೂ ಇಬ್ಬರಲ್ಲಿ ಒಬ್ಬರು ಹೆಸರು ಹೇಳಿದರೆ ಸಾಕು, ನಂಟು ಇದೆಯೆಂದು ಹಿಡಿದರು. ‘ನಾನು ಅವರಿಗೆ ಕೊಟ್ಟೆ’ ಎಂಬುದಕ್ಕೆ ‘ನಾನು ತೆಗೆದುಕೊಂಡೇ ಇಲ್ಲ’ ಎಂಬ ಉತ್ತರ ಬಂದರೆ ಅದರಲ್ಲಿ ಇರುವ ಮಾನ–ಮರ್ಯಾದೆಯ ಕಥೆ ಈ ನಿಯಮದಲ್ಲಿ ಅಳಿಸಿಹೋಗುತ್ತದೆ.

ಮದುವೆಗೆ ಮೊದಲೇ ಇದ್ದ ನಂಟು

ಪಶ್ಚಿಮದ ಮಾದರಿಗಳು ನಮಗೆ ಸರಿಯಾಗಿ ಒಪ್ಪದ ಜಾಗ ಒಂದಿದೆ. ಅಪರಿಚಿತರಿಬ್ಬರು ಸೇರಿ ದಂಪತಿಯಾದರು, ಆಮೇಲೆ ಒಬ್ಬರನ್ನೊಬ್ಬರು ಹೋಲತೊಡಗಿದರು ಎಂಬ ಊಹೆ ಆ ಮಾದರಿಗಳ ತಳದಲ್ಲಿದೆ. ನಮ್ಮಲ್ಲಿ ಸೋದರಮಾವ ಅಕ್ಕನ ಮಗಳನ್ನು ಮದುವೆಯಾಗುತ್ತಾನೆ, ಅತ್ತೆಯ ಮಗ ಮಾವನ ಮಗಳನ್ನು ಆಗುತ್ತಾನೆ. ರಾಧಾರಮಾದೇವಿ, ಅಪ್ಪಾಜಿ ರಾವ್ ಮತ್ತು ಬಿಟಲ್ಸ್ 1980ರ ದಶಕದಲ್ಲಿ ಕರ್ನಾಟಕದ ನವಜಾತ ಶಿಶುಗಳ ತಪಾಸಣೆಯ ಜೊತೆ ನಡೆಸಿದ ಅಧ್ಯಯನಗಳಲ್ಲಿ ಮದುವೆಗಳ ಸುಮಾರು ಮೂರನೇ ಒಂದು ಭಾಗ ಹತ್ತಿರದ ಸಂಬಂಧದಲ್ಲೇ ಆಗಿದ್ದವು.

ತಳಿವಿಜ್ಞಾನದ ಲೆಕ್ಕದಂತೆ ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ನಾಲ್ಕನೇ ಒಂದು ಭಾಗ, ಅತ್ತೆ–ಮಾವನ ಮಕ್ಕಳ ನಡುವೆ ಎಂಟನೇ ಒಂದು ಭಾಗ ವಂಶವಾಹಿಗಳು ಸಮಾನವಾಗಿರಬಹುದೆಂದು ನಿರೀಕ್ಷೆ. ರಕ್ತವನ್ನು ಬದಿಗಿಟ್ಟರೂ ಇಬ್ಬರೂ ಬೆಳೆದದ್ದು ಒಂದೇ ಅಜ್ಜಿಯ ಮನೆಯ ನಡವಳಿಕೆಯಲ್ಲಿ. ಸೋದರಮಾವನನ್ನು ಮದುವೆಯಾದವಳಿಗೆ ಅತ್ತೆಯೇ ಅಜ್ಜಿಯಾಗಿರುತ್ತಾಳೆ. ಇಂಥ ಜೋಡಿಯಲ್ಲಿ ಹೋಲಿಕೆ ಕಂಡರೆ ಅದು ದಾಂಪತ್ಯದ ಫಲವೇ, ಮೊದಲೇ ಇದ್ದ ನಂಟಿನದೇ? ಮಾದರಿಗೆ ಇದು ದೊಡ್ಡ ತೊಡಕೇನಲ್ಲ. ಏರಿಳಿತದ ಪಾಲುಗಳಲ್ಲಿ ಬಂಧುತ್ವಕ್ಕೊಂದು ಪಾಲು ಸೇರಿಸಿದರಾಯಿತು, ತಳಿವಿಜ್ಞಾನಿಗಳು ಬಹಳ ಕಾಲದಿಂದ ಹಾಗೆ ಮಾಡುತ್ತಿದ್ದಾರೆ. ಅದಕ್ಕೆ ಬೇಕಾದದ್ದು ಷೆಡ್ಯೂಲಿನಲ್ಲಿ ‘ಮದುವೆಗೆ ಮೊದಲು ನೀವಿಬ್ಬರೂ ಏನಾಗಬೇಕಿತ್ತು?’ ಎಂಬ ಒಂದೇ ಸಾಲು. ಕನ್ನಡ ನಾಡಿನಿಂದ ಈ ವಿಜ್ಞಾನಕ್ಕೆ ನಿಜವಾಗಿ ಹೊಸದೇನಾದರೂ ಸೇರಬೇಕಾದರೆ ಅದು ಇಲ್ಲಿಂದ ಬರಬೇಕು.

ಇನ್ನೂ ಆಗಬೇಕಾದದ್ದು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು (2019–21) ಗಂಡಸರನ್ನು ಸಂದರ್ಶಿಸಿದ್ದು ಆಯ್ದ ಮನೆಗಳ ಶೇ. 15ರಲ್ಲಿ ಮಾತ್ರ. ರಾಜ್ಯ ಮಟ್ಟದ ಅಂದಾಜಿಗೆ ಅದು ಸಾಕು, ಜಿಲ್ಲೆಗೆ ಸಾಲದು. ಆದ್ದರಿಂದ ಬಳ್ಳಾರಿ ಜಿಲ್ಲೆಯ ದಂಪತಿಗಳ ಬಗ್ಗೆ ಅದು ನಂಬಬಹುದಾದ ಅಂದಾಜು ಕೊಡಲಾರದು. ಅಲ್ಲದೆ ಕರ್ನಾಟಕದಲ್ಲಿ ಅದರ ಕ್ಷೇತ್ರಕಾರ್ಯ ನಡೆದ 2019ರಲ್ಲಿ ಹೊಸಪೇಟೆ, ಹಡಗಲಿ ಇನ್ನೂ ನಮ್ಮ ಜೊತೆಗಿದ್ದವು. ವಿಜಯನಗರ ಜಿಲ್ಲೆ ಬೇರೆಯಾದದ್ದು 2021ರಲ್ಲಿ. ಬಳ್ಳಾರಿ ತಾಲ್ಲೂಕಿನಿಂದ ಬೇರ್ಪಟ್ಟ ಕುರುಗೋಡು 2011ರ ಜನಗಣತಿಯಲ್ಲಿ ತಾಲ್ಲೂಕಾಗಿಯೇ ಇರಲಿಲ್ಲ. ಇಂದಿನ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಹೆಸರಿನಲ್ಲಿ ದಂಪತಿಗಳ ಅಂಕಿಅಂಶ ಎಲ್ಲಿಯೂ ಸಿಗುವುದಿಲ್ಲ.

ಭಾಷೆಯ ತೊಡಕು ಇನ್ನೊಂದು. ಸಿರುಗುಪ್ಪದ ಎಷ್ಟೋ ಮನೆಗಳಿಗೆ ಸೊಸೆ ಬರುವುದು ಆಂಧ್ರದ ಆದೋನಿ, ಆಲೂರು ಕಡೆಯಿಂದ. ಗಂಡನಿಗೆ ಕನ್ನಡದಲ್ಲೂ ಹೆಂಡತಿಗೆ ತೆಲುಗಿನಲ್ಲೂ ಪ್ರಶ್ನೆ ಕೇಳಬೇಕಾಗುತ್ತದೆ. ಉತ್ತರ ಬೇರೆಯಾದರೆ ಅದು ಅಭಿಪ್ರಾಯದ ಅಂತರವೋ ಪ್ರಶ್ನೆಯ ಅಂತರವೋ ಎಂದು ಮೊದಲು ಪರೀಕ್ಷಿಸಬೇಕು. ಬಳ್ಳಾರಿ ನಗರದ ಜೀನ್ಸ್ ಹೊಲಿಯುವ ಮನೆಗಳಲ್ಲಿ ಗಂಡ ಮಷೀನಿನ ಮೇಲೆ ಕೂತರೆ ಹೆಂಡತಿ ದಾರ ಕತ್ತರಿಸಿ ಗುಂಡಿ ಹಚ್ಚುತ್ತಾಳೆ, ಕೂಲಿ ಒಬ್ಬರ ಹೆಸರಿನಲ್ಲಿ ಬರುತ್ತದೆ. ಇಬ್ಬರ ದುಡಿಮೆಯನ್ನು ಒಂದೇ ಪೀಸ್ ರೇಟಿನಿಂದ ಬಿಡಿಸಿ ನೋಡುವುದು ಸಂಖ್ಯಾಶಾಸ್ತ್ರಕ್ಕೆ ಒಳ್ಳೆಯ ಸವಾಲು. ಗುಳೆ ಹೋದ ಗಂಡನನ್ನು ಫೋನಿನಲ್ಲೂ ಊರಲ್ಲಿ ಉಳಿದ ಹೆಂಡತಿಯನ್ನು ಎದುರಿನಲ್ಲೂ ಕೇಳಿದಾಗ ಎರಡು ಉತ್ತರಗಳನ್ನು ಒಂದೇ ತೂಕದಲ್ಲಿ ಇಡಬಹುದೇ ಎಂಬುದಕ್ಕೂ ಕೆಲಸ ಆಗಬೇಕು.

ಇವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಗಣಿತದ ಅಗತ್ಯವಿಲ್ಲ. ಫಿಶರ್, ರಾವ್, ಕೆನ್ನಿ ಅದನ್ನು ಕೊಟ್ಟಿದ್ದಾರೆ, ಲೆಕ್ಕ ಮಾಡುವ ‘ಆರ್’ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಬೇಕಾದದ್ದು ಎರಡು ಉತ್ತರಗಳನ್ನೂ ಕೇಳುವ, ಎರಡನ್ನೂ ಉಳಿಸಿಕೊಳ್ಳುವ ಸಂಕಲ್ಪ. ಇಬ್ಬರ ಉತ್ತರ ಬೇರೆಯಾದಾಗ ಆ ವ್ಯತ್ಯಾಸವೇ ಮನೆಯೊಳಗಿನ ಅಧಿಕಾರ, ಗುಟ್ಟು, ಅಕ್ಕರೆ, ಭಯಗಳ ಬಗ್ಗೆ ನಮಗೆ ಸಿಗುವ ಒಂದು ಅಳತೆ. 2027ರ ಜನಗಣತಿ ಮುಗಿದಾಗ ಹೊಸ ತಾಲ್ಲೂಕುಗಳ ಹಳ್ಳಿವಾರು ಪಟ್ಟಿ ಮೊದಲ ಸಲ ಕೈಗೆ ಬರುತ್ತದೆ, ಸ್ಯಾಂಪಲ್ ಆಯಲು ಅದಕ್ಕಿಂತ ಒಳ್ಳೆಯ ಆಧಾರ ಸಿಗುವುದಿಲ್ಲ. ಬಳ್ಳಾರಿಯಲ್ಲಿ ವಿಶ್ವವಿದ್ಯಾಲಯವಿದೆ, ವೈದ್ಯಕೀಯ ಕಾಲೇಜಿದೆ, ಎರಡೂ ಭಾಷೆ ಬಲ್ಲ ವಿದ್ಯಾರ್ಥಿಗಳಿದ್ದಾರೆ. ಮೂರು ತಾಲ್ಲೂಕುಗಳ ಒಂದು ದಂಪತಿ ಸಮೀಕ್ಷೆಗೆ ಪ್ರಶ್ನಾವಳಿ ಬರೆದು, ಕನ್ನಡ–ತೆಲುಗು ಎರಡರಲ್ಲೂ ಪರೀಕ್ಷಿಸಿ, ಹೆಣ್ಣು–ಗಂಡು ಸಮೀಕ್ಷಕರನ್ನು ಜೊತೆಜೊತೆಯಾಗಿ ತಯಾರು ಮಾಡುವ ಕೆಲಸವನ್ನು ಆ ಪಟ್ಟಿ ಬರುವ ಮೊದಲೇ ಮುಗಿಸಿಟ್ಟುಕೊಳ್ಳಬೇಕು.